ದಾಸವಾಳದ ಬಿಳಿ ಹಿಟ್ಟು: ಮೊದಲು ಇರುವೆ, ಆಮೇಲೆ ಸೋಪು

ದಾಸವಾಳದ ತುದಿಚಿಗುರು ಮುರುಟಿ ಗಂಟುಗಟ್ಟಿದೆಯೇ? ಮೊಗ್ಗು ಅರಳುವ ಮುಂಚೆಯೇ ಉದುರುತ್ತಿದೆಯೇ? ಆ ಗಂಟನ್ನು ಬಿಡಿಸಿ ನೋಡಿ. ಒಳಗೆ ಅರಳೆಯ ಚೂರಿನಂಥ ಬಿಳಿ ಮುದ್ದೆ ಕಂಡರೆ ಅದು ಹಿಟ್ಟು ತಿಗಣೆ. ಬೂಷ್ಟು ಎಂದುಕೊಂಡು ಶಿಲೀಂಧ್ರನಾಶಕ ಹೊಡೆಯುವವರು ಬಹಳ. ಹುಳುವಿಗೆ ಅದು ನಾಟುವುದಿಲ್ಲ. ಅನುಮಾನವಿದ್ದರೆ ಒಂದನ್ನು ಕಡ್ಡಿಯಿಂದ ಒತ್ತಿ. ನಸುಗೆಂಪು ರಸ ಬಂದರೆ ಗುಲಾಬಿ ಹಿಟ್ಟು ತಿಗಣೆ. ಹಳದಿ ರಸ ಬಂದು, ಇನ್ನೊಂದನ್ನು ಸ್ಪಿರಿಟ್‌ನಲ್ಲಿ ಹಾಕಿಟ್ಟಾಗ ಅದು ನೀಲಿಗಪ್ಪಾದರೆ ಪಪ್ಪಾಯಿ ಹಿಟ್ಟು ತಿಗಣೆ. ಇದು ದೇವಗಣಗಿಲೆಯ ಎಲೆಯಡಿಯಲ್ಲೂ ಸಾಲುಗಟ್ಟುತ್ತದೆ. ಗುಲಾಬಿ ಜಾತಿಯ ಜೊಲ್ಲಿನಲ್ಲಿ ನಂಜಿರುವುದರಿಂದ ಚಿಗುರು ಮುರುಟುತ್ತದೆ. ಹಾಗೆ ಮುರುಟಿದ ಎಲೆಯ ಮಡಿಕೆಯೊಳಗೆ ಯಾವ ಔಷಧಿಯೂ ಇಳಿಯುವುದಿಲ್ಲ.

ಎಷ್ಟು ಸಲ ಹೊಡೆದರೂ ಮತ್ತೆ ಬರುತ್ತದೆ ಎನ್ನುವ ದೂರಿಗೆ ಕಾರಣ ಎರಡು. ಬೆಳೆದ ಹೆಣ್ಣಿನ ಮೈಮೇಲಿನ ಹಿಟ್ಟು ಮೇಣ, ಅದರ ಮೇಲೆ ನೀರು ನಿಲ್ಲದೆ ಜಾರುತ್ತದೆ. ಹತ್ತಿಯಂಥ ಚೀಲದಲ್ಲಿ ಅದು ಇಡುವ ನೂರಾರು ಮೊಟ್ಟೆಗಳಿಗೂ ಸೋಪು, ಎಣ್ಣೆ ತಾಗುವುದಿಲ್ಲ. ಮೊಟ್ಟೆಯೊಡೆದು ಹೊರಬಂದು ಜಾಗ ಹುಡುಕುತ್ತ ಓಡಾಡುವ ಮರಿಗಳಿಗೆ ಮಾತ್ರ ಇನ್ನೂ ಮೇಣ ಕಟ್ಟಿರುವುದಿಲ್ಲ. ಸಿಂಪಡಣೆ ಕೊಲ್ಲುವುದು ಮುಖ್ಯವಾಗಿ ಆ ಮರಿಗಳನ್ನೇ. ಹಾಗಾಗಿ ಒಂದು ಸಲ ಹೊಡೆದು ಸುಮ್ಮನಾದರೆ ವಾರದೊಳಗೆ ಹೊಸ ಮರಿಗಳು ಬರುತ್ತವೆ. ಎರಡನೆಯ ಕಾರಣ ಇರುವೆ. ತಿಗಣೆ ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ತಿನ್ನಲು ಬರುವ ದುಂಬಿ, ಕಣಜಗಳನ್ನು ಓಡಿಸುತ್ತವೆ. ಎಲೆಯ ಮೇಲೆ ಕಾಡಿಗೆ ಮೆತ್ತಿದಂತೆ ಕಾಣುವ ಕಪ್ಪು ಬೂಷ್ಟು ಬೆಳೆಯುವುದೂ ಇದೇ ಅಂಟಿನ ಮೇಲೆ. ತಿಗಣೆ ಹೋದರೆ ಅದೂ ಹೋಗುತ್ತದೆ, ಬೇರೆ ಔಷಧಿ ಬೇಡ.

ಇರುವೆಯ ದಾರಿ ಕಟ್ಟುವುದು

ಗೋಡೆ, ತಂತಿ, ಪಕ್ಕದ ಗಿಡಕ್ಕೆ ತಾಗುವ ಕೊಂಬೆಗಳನ್ನೆಲ್ಲ ಮೊದಲು ಕತ್ತರಿಸಿ. ಒಂದೇ ಒಂದು ಎಲೆ ಗೋಡೆಗೆ ತಾಗಿದರೂ ಮುಂದಿನ ಕೆಲಸ ದಂಡ. ನೆಲದಿಂದ ಒಂದಡಿ ಮೇಲೆ ಕಾಂಡಕ್ಕೆ ಅಂಗೈ ಅಗಲದ ಬಟ್ಟೆಪಟ್ಟಿ ಸುತ್ತಿ. ತೊಗಟೆಯ ಬಿರುಕುಗಳಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಇರುವೆ ಪಟ್ಟಿಯ ಅಡಿಯಿಂದ ನುಸುಳುತ್ತದೆ. ಬಟ್ಟೆಯ ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿ, ಅದರ ಮೇಲೆ ಗ್ರೀಸ್ ಬಳಿಯಿರಿ. ತೊಗಟೆಗೆ ನೇರವಾಗಿ ಗ್ರೀಸ್ ಹಚ್ಚಬಾರದು, ಸಿಪ್ಪೆ ಕೆಡುತ್ತದೆ. ವಾರಕ್ಕೊಮ್ಮೆ ನೋಡುತ್ತಿರಿ: ಧೂಳು ಕೂತರೆ, ಸತ್ತ ಇರುವೆಗಳೇ ಸೇತುವೆಯಾದರೆ ಒರೆಸಿ ಹೊಸದಾಗಿ ಬಳಿಯಬೇಕು. ಎರಡು ತಿಂಗಳಿಗೆ ಪಟ್ಟಿ ಬಿಚ್ಚಿಬಿಡಿ.

ಬುಡದಿಂದಲೇ ಏಳೆಂಟು ಕವಲೊಡೆದ ದಾಸವಾಳಕ್ಕೆ ಪಟ್ಟಿ ಸುತ್ತುವುದು ತ್ರಾಸ. ಅಲ್ಲಿಗೆ ಸಕ್ಕರೆ ಪಾಕವೇ ಮೇಲು. 100 ಮಿ.ಲೀ. ಬಿಸಿನೀರಿಗೆ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಪುಡಿ ಕರಗಿಸಿ, ಹತ್ತಿ ಅದ್ದಿ ಬುಡದಲ್ಲಿಡಿ. ಹೆಚ್ಚು ಹಾಕಿದರೆ ಬೇಗ ಸಾಯುತ್ತವೆ ಎಂದು ಪುಡಿ ಸುರಿಯಬೇಡಿ; ಕೆಲಸಗಾರ ಇರುವೆ ದಾರಿಯಲ್ಲೇ ಸತ್ತರೆ ಪಾಕ ಗೂಡಿನ ರಾಣಿಗೆ ತಲುಪುವುದೇ ಇಲ್ಲ. ಜೇನ್ನೊಣ, ಮಕ್ಕಳು, ನಾಯಿ ಮುಟ್ಟದಂತೆ ಇರುವೆಯಷ್ಟೇ ತೂರುವ ತೂತುಗಳಿರುವ ಮುಚ್ಚಳದ ಡಬ್ಬಿಯಲ್ಲಿಡಿ.

ಕತ್ತರಿ, ನೀರು

ಮುರುಟಿದ ತುದಿಗಳನ್ನು ಗಂಟಿನಿಂದ ಒಂದು ಗೇಣು ಕೆಳಗೆ ಕತ್ತರಿಸಿ, ಅಲ್ಲಾಡಿಸದೆ ನೇರ ಪ್ಲಾಸ್ಟಿಕ್ ಕವರಿಗೆ ಹಾಕಿ. ಕೆಳಗೆ ಬಿದ್ದರೆ ಮರಿಗಳು ಚದುರುತ್ತವೆ. ಬಾಯಿ ಕಟ್ಟಿ ಮೂರು ದಿನ ಬಿಸಿಲಿಗಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಉಳಿದ ಗಿಡಕ್ಕೆ ಬೆಳಿಗ್ಗೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಲೆಯಡಿಗೆ, ಕವಲಿನ ಸಂದಿಗೆ ಜೋರಾಗಿ ನೀರು ಬಿಡಿ. ಅರ್ಧದಷ್ಟು ಹುಳು, ಅಂಟು ಇಲ್ಲೇ ತೊಳೆದುಹೋಗುತ್ತದೆ. ಮಳೆಗಾಲದಲ್ಲಿ ಕಾಟ ತಗ್ಗಿ, ಸಂಕ್ರಾಂತಿ ಕಳೆದ ಮೇಲೆ ಒಣಹವೆಯಲ್ಲಿ ಏರುವುದಕ್ಕೂ ಇದೇ ಒಂದು ಕಾರಣ.

ಸಿಂಪಡಣೆ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಸಿಕ್ಕರೆ ಲೀಟರಿಗೆ 10 ಗ್ರಾಂ ತುರಿದು ಕರಗಿಸಿ. ಇಲ್ಲದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, 2 ಮಿ.ಲೀ. ದ್ರವ ಸೋಪು. ಬೆರೆಸುವ ಕ್ರಮ ತಪ್ಪಬಾರದು: ಎಣ್ಣೆಗೆ ಮೊದಲು ಸೋಪು ಹಾಕಿ ಚೆನ್ನಾಗಿ ಕಲಕಿ, ಆಮೇಲೆ ನೀರನ್ನು ಸ್ವಲ್ಪಸ್ವಲ್ಪವೇ ಹೊಯ್ಯಿರಿ. ನೀರು ಹಾಲಿನಂತೆ ಬೆಳ್ಳಗಾಗಬೇಕು. ಎಣ್ಣೆ ತೇಲುತ್ತಿದ್ದರೆ ಕೊನೆಗುಳಿದ ಲೋಟದಷ್ಟರಲ್ಲಿ ಬರೀ ಎಣ್ಣೆಯಿರುತ್ತದೆ, ಅದು ಬಿದ್ದ ಎಲೆ ಸುಡುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಮೊಸರೊಡೆದಂತಾದರೆ ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ.

ಮೊದಲು ನಾಲ್ಕು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಕಲೆ ಬೀಳದಿದ್ದರೆ ಇಳಿಹೊತ್ತಿನಲ್ಲಿ ಇಡೀ ಗಿಡಕ್ಕೆ, ಎಲೆಯಡಿಯಿಂದ ತೊಟ್ಟಿಕ್ಕುವಷ್ಟು ಹೊಡೆಯಿರಿ. ಆಳೆತ್ತರದ ಗಿಡಕ್ಕೆ 2–3 ಲೀಟರ್ ಬೇಕು. ಅರ್ಧ ಲೀಟರಿನ ಕೈಪಂಪಿನಲ್ಲಿ ಮುಗಿಸಿದವರು ಮೇಲೆಲೆಗಷ್ಟೇ ಸ್ನಾನ ಮಾಡಿಸಿರುತ್ತಾರೆ. ನೀರಿಲ್ಲದೆ ಬಾಡಿದ ಗಿಡಕ್ಕೆ ಹೊಡೆಯಬೇಡಿ. ಏಳು ದಿನಕ್ಕೊಮ್ಮೆ, ಒಟ್ಟು ಮೂರು ಸಲ. ಕೈಗೆಟಕುವ ಸಂದಿಗಳಲ್ಲಿ ಉಳಿದ ಮುದ್ದೆಗಳನ್ನು ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ.

ಇಮಿಡಾಕ್ಲೋಪ್ರಿಡ್ ಎಂಬ, ಗಿಡ ಬೇರಿನಿಂದ ಹೀರಿಕೊಳ್ಳುವ ಕೀಟನಾಶಕವನ್ನು ಬುಡಕ್ಕೆ ಹಾಕಿ ಎನ್ನುವ ಸಲಹೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದು ಮಕರಂದಕ್ಕೂ ಸೇರುತ್ತದೆ, ದಾಸವಾಳಕ್ಕೆ ಜೇನ್ನೊಣವೂ ಸೂರಕ್ಕಿಯೂ ಬರುತ್ತವೆ. ಪೂಜೆಗೆ, ತಲೆಗೆ, ಕೂದಲೆಣ್ಣೆಗೆ ಹೂವು, ಎಲೆ ಕೀಳುವ ಗಿಡಕ್ಕಂತೂ ಬೇಡವೇ ಬೇಡ.

ಕೊಲ್ಲುವ ಮುಂಚೆ ಒಮ್ಮೆ ನೋಡಿ

ತಿಗಣೆಗಳ ನಡುವೆ ಅವಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾದ, ಉದ್ದುದ್ದ ಬಿಳಿ ಎಳೆಗಳಿರುವ, ಮುಟ್ಟಿದರೆ ಸರಸರನೆ ಓಡುವ ಹುಳು ಕಂಡರೆ ಕೈ ತಡೆಯಿರಿ. ಅದು ಕ್ರಿಪ್ಟೋಲೀಮಸ್ ದುಂಬಿಯ ಮರಿ, ತಿಗಣೆಯೇ ಅದರ ಊಟ. ಕಾಫಿಯ ಹಸಿರು ಶಲ್ಕಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದ ದುಂಬಿಯಿದು. ಈಗ ಹಿಟ್ಟು ತಿಗಣೆಯ ಶತ್ರುವೆಂದೇ ಹೆಸರಾಗಿದೆ. ಮಂಗನ ಮುಖದಂತೆ ಕಾಣುವ ಪುಟ್ಟ ಕೋಶ ಎಲೆಗೆ ಅಂಟಿದ್ದರೆ ಅದನ್ನೂ ಬಿಡಿ, ತಿಗಣೆ ತಿಂದು ಬೆಳೆದ ಚಿಟ್ಟೆಯದು.

ಪಪ್ಪಾಯಿ ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣದ ತೋಟಗಳನ್ನೆಲ್ಲ ಕಾಡಿತು. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಕಣಜವನ್ನು ಬೆಂಗಳೂರಿನಲ್ಲಿ ಸಾಕಿ ಬಿಟ್ಟ ಮೇಲೆಯೇ ಅದು ತಹಬಂದಿಗೆ ಬಂದದ್ದು. ಆ ಕಣಜದ ಸಂತತಿ ಇಂದಿಗೂ ಕೆಲಸ ಮಾಡುತ್ತಿದೆ. ಉಬ್ಬಿ ಕಂದುಬಣ್ಣಕ್ಕೆ ತಿರುಗಿದ ಒಣ ತಿಗಣೆಯಲ್ಲಿ ದುಂಡು ತೂತು ಕಂಡರೆ ಕಣಜ ಹೊರಬಿದ್ದಿದೆ ಎಂದರ್ಥ. ಆ ಗಿಡಕ್ಕೆ ಮುಂದಿನ ಸಿಂಪಡಣೆ ನಿಲ್ಲಿಸಿ, ಇರುವೆಪಟ್ಟಿಯನ್ನಷ್ಟೇ ಕಾಯ್ದುಕೊಳ್ಳಿ.

ಒಂದು ತಿಂಗಳು ಯೂರಿಯಾ ಹಾಕಬೇಡಿ, ಎಳೆ ಚಿಗುರೆಂದರೆ ತಿಗಣೆಗೆ ಹಬ್ಬ. ಸುತ್ತಲಿನ ಪಾರ್ಥೇನಿಯಂ ಕಿತ್ತುಹಾಕಿ, ಹುಳು ಅದರಲ್ಲೂ ಅಡಗಿರುತ್ತದೆ. ನರ್ಸರಿಯಿಂದ ತಂದ ಹೊಸ ಗಿಡವನ್ನು ಎರಡು ವಾರ ದೂರವಿಟ್ಟು, ಎಲೆಯಡಿಯ ಜೊತೆಗೆ ಕುಂಡದ ತಳವನ್ನೂ ತಿರುಗಿಸಿ ನೋಡಿ.