ಏಳು ಸುತ್ತು, ಎಂಟು ಇಸ್ತಿಲಾಮ್: ತವಾಫ್ ಮಾಡುವ ಬಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಹಜ್‌ಗೋ, ಮಕ್ಕಾದ ಕಿರು ಯಾತ್ರೆಯಾದ ಉಮ್ರಾಕ್ಕೋ ಹೊರಟವರ ಕೈಚೀಲದಲ್ಲಿ ಒಂದು ದುಆ (ಪ್ರಾರ್ಥನೆ) ಪುಸ್ತಕ ಇದ್ದೇ ಇರುತ್ತದೆ. ತವಾಫ್‌ನ, ಅಂದರೆ ಕಾಬಾವನ್ನು ಏಳು ಬಾರಿ ಸುತ್ತುವುದರ, ಮೊದಲ ಸುತ್ತಿಗೆ ಈ ದುಆ, ಎರಡನೆಯದಕ್ಕೆ ಆ ದುಆ ಎಂದು ಅಚ್ಚು ಹಾಕಿರುತ್ತಾರೆ. ಹಿರಿಯರು ಅದನ್ನು ಬಾಯಿಪಾಠ ಮಾಡುವುದರಲ್ಲೇ ದಣಿಯುತ್ತಾರೆ. ಸುತ್ತಿಗೊಂದರಂತೆ ಗೊತ್ತುಮಾಡಿದ ದುಆ ಸುನ್ನತ್‌ನಲ್ಲಿ, ಅಂದರೆ ಪ್ರವಾದಿಯವರ ನಡೆಯಲ್ಲಿ, ಇಲ್ಲ. ಗೊತ್ತಿದ್ದ ಝಿಕ್ರ್ (ದೇವರ ಸ್ಮರಣೆ) ಹೇಳಬಹುದು, ಕುರ್‌ಆನ್ ಓದಬಹುದು, ಮನೆಮಾತಿನಲ್ಲೇ ಬೇಡಿಕೊಳ್ಳಬಹುದು. ತವಾಫ್ ಕೆಡಿಸುವ ತಪ್ಪುಗಳು ಬಹುಮಟ್ಟಿಗೆ ಕಾಲಿನವು: ಎಲ್ಲಿಂದ ಶುರು, ಯಾವ ಗೋಡೆಯ ಹೊರಗೆ, ಎಷ್ಟು ಸುತ್ತು. ಈ ಮೂರನ್ನು ಊರಲ್ಲೇ ತಲೆಗೆ ಹತ್ತಿಸಿಕೊಂಡು ಹೋದವರಿಗೆ ಅಲ್ಲಿ ಪುಸ್ತಕ ತೆರೆಯುವ ಪ್ರಸಂಗವೇ ಬರುವುದಿಲ್ಲ.

ನಮ್ಮ ಕಡೆಯವರು ಬಹುತೇಕ ಹನಫಿಗಳು, ಹಾಗಾಗಿ ಇಲ್ಲಿ ಹೇಳಿದ್ದು ಹನಫಿ ರೀತಿ. ಕೋಣೆಯಲ್ಲಿ ಜೊತೆಗೆ ಭಟ್ಕಳದ ನವಾಯತರು ಸಿಕ್ಕರೆ ಅವರು ಶಾಫಿಈಗಳು. ಎರಡೂ ಇಸ್ಲಾಮಿನ ವಿಧಿಗಳನ್ನು ತಿಳಿಸುವ ಪಂಥಗಳು (ಮಝ್‌ಹಬ್). ಒಂದೆರಡು ಕಡೆ ಬೇರೆ ಮಾಡುತ್ತಾರೆ, ಅದು ತಪ್ಪಲ್ಲ.

ದೂರದ ಲೆಕ್ಕ

ಕಾಬಾ ಬಹಳ ದೊಡ್ಡ ಕಟ್ಟಡವೇನಲ್ಲ. ಎತ್ತರ ಸುಮಾರು 13 ಮೀಟರ್, ಗೋಡೆಗಳು 11ರಿಂದ 13 ಮೀಟರ್. ಆದರೆ ಗೋಡೆಗೆ ಹತ್ತಿ ನಡೆಯಲು ಗದ್ದಲದಲ್ಲಿ ಜಾಗ ಸಿಗುವುದಿಲ್ಲ. ನಡುವಿನಿಂದ 30 ಮೀಟರ್ ದೂರ ಹಿಡಿದರೆ ಒಂದು ಸುತ್ತು ಸುಮಾರು 190 ಮೀಟರ್ ಆಗುತ್ತದೆ. ನಮ್ಮ ಗೋಳಗುಮ್ಮಟದ ಒಂದೊಂದು ಬದಿ ಸುಮಾರು 47.5 ಮೀಟರ್; ನಾಲ್ಕೂ ಬದಿ ಕೂಡಿಸಿದರೆ ಅದೇ 190. ಏಳು ಸುತ್ತಿಗೆ 1.3 ಕಿಲೋಮೀಟರ್. 50 ಮೀಟರ್ ದೂರ ಹಿಡಿದರೆ ಏಳು ಸುತ್ತಿಗೆ 2.2 ಕಿಲೋಮೀಟರ್. ಮೇಲಿನ ಮಹಡಿಯಲ್ಲೋ ಚಾವಣಿಯಲ್ಲೋ ಸುತ್ತಿದರೆ ಇನ್ನೂ ಎಷ್ಟೋ ಹೆಚ್ಚು. ಕಣದಲ್ಲಿ ಹಂತಿ ಕಟ್ಟಿದ್ದನ್ನು ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಟಿಗೆ ಹತ್ತಿದ ಎತ್ತಿಗೆ ನಡಿಗೆ ಕಡಿಮೆ, ಹೊರಗಿನದಕ್ಕೆ ಹೆಚ್ಚು. ಇದರ ಮೇಲೆ ಸಫಾ–ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುವ ಸಈ ಸುಮಾರು 3 ಕಿಲೋಮೀಟರ್, ಅದೂ ಅದೇ ಹೊತ್ತಿಗೆ.

ಆದ್ದರಿಂದ ಹೊರಡುವ ಎರಡು ತಿಂಗಳ ಮೊದಲೇ ದಿನಾ ಬೆಳಿಗ್ಗೆ ನಡೆಯಿರಿ. ಬೆಳಗಾವಿಯವರಿಗೆ ಕೋಟೆ ಕೆರೆಯ ದಂಡೆ ಇದೆ, ಬಾಗಲಕೋಟೆಯವರಿಗೆ ನವನಗರದ ಸೆಕ್ಟರ್ ರಸ್ತೆಗಳಿವೆ. ಮೊದಲು ಎರಡು ಕಿಲೋಮೀಟರ್, ಆಮೇಲೆ ಐದು. ಅದರಲ್ಲಿ ಹತ್ತು ನಿಮಿಷ ಬರಿಗಾಲಲ್ಲಿ, ಗಚ್ಚಿನ ನೆಲದ ಮೇಲೆ. ಮತಾಫ್‌ಗೆ, ಅಂದರೆ ಕಾಬಾದ ಸುತ್ತಲಿನ ಅಂಗಳಕ್ಕೆ, ಹಾಸಿದ್ದು ಗ್ರೀಸ್‌ನ ಥಾಸೋಸ್ ಅಮೃತಶಿಲೆ, ಬಿಸಿಲಲ್ಲೂ ಅಷ್ಟಾಗಿ ಕಾಯುವುದಿಲ್ಲ. ಆದರೆ ಗಟ್ಟಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ರೂಢಿಯಿಲ್ಲದವರಿಗೆ ಮೂರನೇ ಸುತ್ತಿಗೇ ಹಿಮ್ಮಡಿ ನೋಯಲು ಹತ್ತುತ್ತದೆ. ಇನ್ನೊಂದು ಮಾತು: ಅಳತೆಗಾಗಿ ಗೋಳಗುಮ್ಮಟದ ಹೆಸರು ಹೇಳಿದ್ದು ಅಷ್ಟೇ. ತವಾಫ್ ಎಂಬುದು ಕಾಬಾಕ್ಕೆ ಮಾತ್ರ. ಮಜಾರ್ (ಗೋರಿ) ಸುತ್ತಿ ಅಭ್ಯಾಸ ಮಾಡುವ ಹುಚ್ಚಾಟ ಬೇಡ.

ಒಳಗೆ ಕಾಲಿಡುವ ಮುನ್ನ

ವುಜೂ, ಅಂದರೆ ಕೈಕಾಲು ಮುಖ ತೊಳೆಯುವ ಶುದ್ಧಿ, ಬೇಕೇ ಬೇಕು. ಶಾಫಿಈಗಳಲ್ಲಿ ಅದು ಶರತ್ತು, ವುಜೂ ಇಲ್ಲದ ತವಾಫ್ ತವಾಫೇ ಅಲ್ಲ. ಹನಫಿಗಳಲ್ಲಿ ವಾಜಿಬ್ (ಕಡ್ಡಾಯ), ವುಜೂ ಇಲ್ಲದೆ ಉಮ್ರಾದ ತವಾಫ್ ಮಾಡಿದರೆ ದಮ್, ಅಂದರೆ ಒಂದು ಕುರಿಯ ಬಲಿ, ತಲೆಗೆ ಬರುತ್ತದೆ. ವುಜೂ ಮಾಡಿ ಮತ್ತೆ ಸುತ್ತಿದರೆ ಅದು ಇಳಿಯುತ್ತದೆ. ಶಾಫಿಈ ಜೊತೆಗಾರರು ಗದ್ದಲದಲ್ಲಿ ಪರಹೆಂಗಸಿನ ಕೈ ತಾಗಿದರೂ ವುಜೂ ಹೋಯಿತೆಂದು ಹೊರಗೆ ಓಡುತ್ತಾರೆ. ಅವರ ಮಝ್‌ಹಬ್‌ನಲ್ಲಿ ಅದು ಹಾಗೇ, ನಗಬೇಡಿ.

ಚಪ್ಪಲಿಯನ್ನು ಬಾಗಿಲಲ್ಲಿ ಬಿಡಬೇಡಿ. ಒಂದು ದಾರದ ಚೀಲದಲ್ಲಿ ಹಾಕಿ ಬೆನ್ನಿಗೆ ಕಟ್ಟಿಕೊಳ್ಳಿ. ಒಳಹೊಕ್ಕ ಬಾಗಿಲೊಂದು, ಹೊರಬಿದ್ದ ಬಾಗಿಲೊಂದು ಆಗುವುದು ದಿನದ ಮಾತು. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಬಾಗಿಲ ಸಂಖ್ಯೆಯಿಂದಲೇ ಗೊತ್ತುಮಾಡಿಕೊಳ್ಳಿ: 1 ಎಂದರೆ ಕಿಂಗ್ ಅಬ್ದುಲ್ ಅಝೀಝ್ ಬಾಗಿಲು, 79 ಎಂದರೆ ಕಿಂಗ್ ಫಹದ್ ಬಾಗಿಲು. "ಗಡಿಯಾರದ ಗೋಪುರದ ಹತ್ರ" ಎಂದು ಹೇಳಿಕೊಂಡವರು ಅರ್ಧ ದಿನ ಒಬ್ಬರನ್ನೊಬ್ಬರು ಹುಡುಕುತ್ತಾರೆ. ಸಕ್ಕರೆ ಕಾಯಿಲೆಯವರು ಬರಿಹೊಟ್ಟೆಯಲ್ಲಿ ಇಳಿಯದೆ ಜೊತೆಗೆ ನಾಲ್ಕು ಖರ್ಜೂರ ಇಟ್ಟುಕೊಳ್ಳಲಿ. ಊರಿಂದ ಒಯ್ದ ಅಮೀನಗಡದ ಕರದಂಟು ಕೋಣೆಯಲ್ಲೇ ಇರಲಿ.

ಗಂಡಸರು ಇಹ್ರಾಮ್‌ನ (ಯಾತ್ರೆಯ ವ್ರತದಲ್ಲಿ ಉಡುವ ಹೊಲಿಗೆಯಿಲ್ಲದ ಬಟ್ಟೆ; ಆ ವ್ರತಕ್ಕೂ ಇದೇ ಹೆಸರು) ಮೇಲಿನ ಚಾದರವನ್ನು ಬಲಗಂಕುಳ ಕೆಳಗಿಂದ ತಂದು ಎಡಭುಜದ ಮೇಲೆ ಹಾಕಬೇಕು, ಬಲಭುಜ ತೆರೆದಿರಬೇಕು. ಇದೇ ಇಜ್ತಿಬಾ. ಇದು ತವಾಫ್‌ನ ಏಳು ಸುತ್ತಿಗಷ್ಟೇ. ಊರಿನ ವಿಮಾನ ಹತ್ತುವಾಗಲೇ ಭುಜ ತೆರೆದು, ಕೂದಲು ಬೋಳಿಸುವವರೆಗೂ ಹಾಗೇ ತಿರುಗಾಡುವವರು ನೂರಾರು ಜನ. ಭುಜ ತೆರೆದು ನಮಾಜ್ ಮಾಡುವುದು ಮಕ್ರೂಹ್, ಅಂದರೆ ಮೆಚ್ಚದ್ದು. ತವಾಫ್ ಮುಗಿದೊಡನೆ ಎರಡೂ ಭುಜ ಮುಚ್ಚಿ. ತೊಡೆ ಉಜ್ಜಿ ಕೆಂಪಾಗುವವರು ವಾಸನೆ ಇಲ್ಲದ ವ್ಯಾಸಲೀನ್ ಮೊದಲೇ ಹಚ್ಚಿಕೊಳ್ಳಲಿ. ಪರಿಮಳದ್ದು ಇಹ್ರಾಮ್‌ನಲ್ಲಿ ನಡೆಯದು. ಹೆಂಗಸರಿಗೆ ಇಜ್ತಿಬಾ ಇಲ್ಲ, ಅವರ ಎಂದಿನ ಉಡುಪೇ ಇಹ್ರಾಮ್.

ಹಸಿರು ದೀಪ

ಶುರು ಆಗುವುದು ಕಾಬಾದ ಹಜ್ರೆ ಅಸ್ವದ್ (ಕಪ್ಪು ಕಲ್ಲು) ಇರುವ ಮೂಲೆಯಿಂದ. ಮೊದಲು ನೆಲದ ಮೇಲೆ ಒಂದು ಗೆರೆ ಇತ್ತು, ಈಗ ಇಲ್ಲ. ಈಗಿನ ಗುರುತು ಆ ಮೂಲೆಗೆ ನೇರ ಎದುರಿಗೆ, ಮಸೀದಿಯ ಗೋಡೆಯ ಮೇಲಿರುವ ಹಸಿರು ದೀಪ. ಸಫಾ ಇರುವುದೂ ಆ ಕಡೆಗೇ. ಮಹಡಿಗಳಲ್ಲೂ ಹಸಿರು ದೀಪವೇ ಗುರುತು. ಕಾಬಾ ಎಡಕ್ಕೂ ಹಸಿರು ದೀಪ ಬಲಕ್ಕೂ ಬಂದು ನಿಂತರೆ ಗೆರೆಯ ಮೇಲೆ ನಿಂತಂತೆ.

ಆ ನೇರಕ್ಕೆ ಬರುವ ಒಂದೆರಡು ಹೆಜ್ಜೆ ಮೊದಲೇ ನಿಂತು ಕಾಬಾದ ಕಡೆ ಮುಖ ಮಾಡಿ. ಹಜ್ರೆ ಅಸ್ವದ್ ನಿಮ್ಮ ಬಲಕ್ಕೆ ಬೀಳಬೇಕು. ಅಲ್ಲಿ ನಿಯ್ಯತ್ (ಸಂಕಲ್ಪ) ಮಾಡಿ. ಅರಬಿಯೇ ಬೇಕೆಂದಿಲ್ಲ: "ಯಾ ಅಲ್ಲಾಹ್, ನಿನಗಾಗಿ ನಿನ್ನ ಮನೆಯ ಏಳು ಸುತ್ತು ತವಾಫ್ ಮಾಡುತ್ತೇನೆ, ಸುಲಭ ಮಾಡು, ಕಬೂಲ್ ಮಾಡು" ಎಂದುಕೊಂಡರೆ ಸಾಕು. ಉಮ್ರಾದಲ್ಲಿ ಲಬ್ಬೈಕ್ ("ಬಂದೆ ದೇವರೇ" ಎಂಬ ಯಾತ್ರಿಗಳ ಘೋಷ) ಹೇಳುವುದು ಇಲ್ಲಿಗೆ ನಿಲ್ಲುತ್ತದೆ. ಬಲಕ್ಕೆ ಸರಿದು ಹಜ್ರೆ ಅಸ್ವದ್‌ನ ನೇರಕ್ಕೆ ಬಂದು, ನಮಾಜ್ ಕಟ್ಟುವಾಗಿನಂತೆ ಕೈ ಕಿವಿಯವರೆಗೆ ಎತ್ತಿ, "ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್ ವ ಲಿಲ್ಲಾಹಿಲ್ ಹಮ್ದ್" ಎಂದು ಇಳಿಸಿ. ಆಮೇಲೆ ಎರಡೂ ಅಂಗೈ ಹಜ್ರೆ ಅಸ್ವದ್ ಕಡೆ ತೋರಿಸಿ, ಅಂಗೈಗೇ ಮುತ್ತಿಡಿ. ಇದು ಇಸ್ತಿಲಾಮ್. ಕೂಡಲೇ ಬಲಕ್ಕೆ ತಿರುಗಿ ನಡೆಯಿರಿ. ಈ ಜಾಗದಲ್ಲಿ ನಿಂತು ದುಆ ಓದಿದರೆ ಹಿಂದಿನಿಂದ ಬರುವ ಸಾವಿರ ಜನರ ಭಾರ ನಿಮ್ಮ ಬೆನ್ನಿಗೆ ಬೀಳುತ್ತದೆ.

ಹಜ್ರೆ ಅಸ್ವದ್‌ಗೆ ಮುತ್ತಿಡುವುದು ಸುನ್ನತ್, ಅದಕ್ಕಾಗಿ ಇನ್ನೊಬ್ಬರನ್ನು ಮೊಣಕೈಯಿಂದ ತಿವಿಯುವುದು ಹರಾಮ್. ಇಹ್ರಾಮ್‌ನಲ್ಲಿದ್ದಾಗ ಇನ್ನೊಂದು ಅಡ್ಡಿಯೂ ಇದೆ: ಕಲ್ಲಿಗೂ ಕಾಬಾದ ಹೊದಿಕೆಗೂ ಅತ್ತರು ಹಚ್ಚಿರುತ್ತಾರೆ, ಮುಟ್ಟಿದರೆ ಕೈಗೆ ಸುಗಂಧ ಅಂಟಿ ದಂಡಕ್ಕೆ ಕಾರಣವಾಗುತ್ತದೆ. ಇಹ್ರಾಮ್ ಇಳಿದ ಮೇಲೆ, ನಫಿಲ್ (ಐಚ್ಛಿಕ) ತವಾಫ್‌ನಲ್ಲಿ, ಜಾಗ ಸಿಕ್ಕರೆ ನೋಡಿ.

ಒಂದು ಸುತ್ತು ಹೇಗೆ ಸಾಗುತ್ತದೆ

ದೇವಸ್ಥಾನದ ಪ್ರದಕ್ಷಿಣೆ ಕಂಡವರಿಗೆ ಇದು ತಿರುವುಮುರುವು: ಇಲ್ಲಿ ಎಡಗೈ ಕಾಬಾದ ಕಡೆ ಇರಬೇಕು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಎಡಭುಜ ಕಾಬಾಕ್ಕೆ, ಮುಖ ಮುಂದಕ್ಕೆ. ನಡೆಯುತ್ತ ಎದೆಯನ್ನೋ ಬೆನ್ನನ್ನೋ ಕಾಬಾದ ಕಡೆ ತಿರುಗಿಸಬಾರದು. ಮೊಬೈಲ್ ಎತ್ತಿ ವಿಡಿಯೋ ಮಾಡುವವರು, ಗುಂಪು ಹಿಂದುಳಿಯಿತೆಂದು ಹಿಮ್ಮುಖ ನಡೆಯುವವರು ಎಡವುವುದು ಇಲ್ಲೇ. ಹಾಗೆ ನಡೆದ ದೂರವನ್ನು ಹಿಂದೆ ಹೋಗಿ ಸರಿಯಾಗಿ ನಡೆಯಬೇಕು. ಗದ್ದಲದಲ್ಲಿ ಅದು ಆಗದ ಮಾತು, ಆ ಸುತ್ತನ್ನೇ ಮತ್ತೆ ಹಾಕುವುದು ಲೇಸು.

ಮೂಲೆ ಬಿಟ್ಟೊಡನೆ ಮುಲ್ತಝಮ್ ಎಂಬ ಗೋಡೆಯ ಭಾಗ, ಅದರ ಪಕ್ಕ ಕಾಬಾದ ಬಾಗಿಲು, ಬಲಕ್ಕೆ ಗಾಜಿನ ಗೂಡಿನಲ್ಲಿ ಮುಕಾಮೆ ಇಬ್ರಾಹೀಮ್ (ಪ್ರವಾದಿ ಇಬ್ರಾಹೀಮರು ನಿಂತದ್ದೆಂದು ನಂಬುವ ಕಲ್ಲು). ಆ ಗೂಡನ್ನು ಸವರುವುದು, ಮುತ್ತಿಡುವುದು ಯಾವುದೂ ಇಲ್ಲ. ಮುಂದೆ ರುಕ್ನೆ ಇರಾಕಿ ಮೂಲೆ, ಅದರ ಬೆನ್ನಿಗೆ ಅರ್ಧಚಂದ್ರದಂತೆ ಬಾಗಿದ ಗಿಡ್ಡ ಗೋಡೆ. ಇದು ಹತೀಮ್.

ಇಲ್ಲಿ ಎಚ್ಚರ. ಗೋಡೆ ಎದೆಯೆತ್ತರದ್ದು, ಎರಡೂ ತುದಿಯಲ್ಲಿ ಸಂದು ಇದೆ, ನೋಡಿದರೆ ಒಳಗಿನಿಂದ ಹಾದುಹೋಗುವ ಅಡ್ಡದಾರಿಯಂತೆ ಕಾಣುತ್ತದೆ. ಆದರೆ ಹತೀಮ್‌ನ ಒಳಗಿನ ಜಾಗ ಕಾಬಾದ್ದೇ ಭಾಗ. ಮಕ್ಕಾದ ಕುರೈಶ್ ಕುಲದವರು ಕಾಬಾ ಮರುಕಟ್ಟುವಾಗ ಹಲಾಲ್ ಹಣ ಸಾಲದೆ ಅಷ್ಟನ್ನು ಹೊರಗೆ ಬಿಟ್ಟರು. ಅದರೊಳಗಿಂದ ನಡೆದರೆ ಕಾಬಾವನ್ನು ಸುತ್ತಿದಂತಾಗಲಿಲ್ಲ, ಆ ಸುತ್ತು ಲೆಕ್ಕಕ್ಕಿಲ್ಲ. ಒಳಗೆ ನಫಿಲ್ ಓದುವ ಆಸೆ ಇದ್ದರೆ ತವಾಫ್ ಮುಗಿದ ಮೇಲೆ ಹೋಗಿ.

ಹತೀಮ್ ದಾಟಿ ರುಕ್ನೆ ಶಾಮಿ, ಆಮೇಲೆ ರುಕ್ನೆ ಯಮಾನಿ. ಯಮಾನಿ ಮೂಲೆಯನ್ನು ಕೈಗೆಟುಕಿದರೆ ಮುಟ್ಟಬಹುದು, ಮುತ್ತಿಡುವುದಿಲ್ಲ. ಎಟುಕದಿದ್ದರೆ ದೂರದಿಂದ ಕೈ ತೋರಿಸುವುದೂ ಇಲ್ಲ, ಸುಮ್ಮನೆ ದಾಟಿ. ಅಲ್ಲಿಂದ ಹಜ್ರೆ ಅಸ್ವದ್‌ವರೆಗೆ ಮಾತ್ರ ಗೊತ್ತಾದ ಒಂದು ದುಆ ಇದೆ: "ರಬ್ಬನಾ ಆತಿನಾ ಫಿದ್ದುನ್ಯಾ ಹಸನತನ್ ವ ಫಿಲ್ ಆಖಿರತಿ ಹಸನತನ್ ವ ಕಿನಾ ಅಝಾಬನ್ನಾರ್". ಬಾಯಿಪಾಠ ಮಾಡಲೇಬೇಕೆಂದರೆ ಇದನ್ನು ಮಾಡಿ.

ಸಈ ಇರುವ ತವಾಫ್‌ನಲ್ಲಿ ಗಂಡಸರಿಗೆ ಮೊದಲ ಮೂರು ಸುತ್ತು ರಮಲ್: ಎದೆ ಸೆಟೆಸಿ, ಭುಜ ಆಡಿಸುತ್ತ, ಸಣ್ಣ ಹೆಜ್ಜೆಯ ಚುರುಕು ನಡಿಗೆ. ಓಟವಲ್ಲ. ಹಿಜರಿ 7ರಲ್ಲಿ ಮುಸಲ್ಮಾನರು ಉಮ್ರಾಕ್ಕೆ ಬಂದಾಗ, ಯಸ್ರಿಬ್‌ನ (ಮದೀನಾದ ಹಳೆಯ ಹೆಸರು) ಜ್ವರ ಇವರನ್ನು ಸೊರಗಿಸಿದೆ ಎಂದು ಮಕ್ಕಾದವರು ಆಡಿಕೊಂಡರು. ಅದಕ್ಕೆ ಉತ್ತರವಾಗಿ ಬಂದ ನಡಿಗೆ ಇದು. ಗದ್ದಲದಲ್ಲಿ ಆಗದಿದ್ದರೆ ಬಿಡಿ, ದಮ್ ಇಲ್ಲ. ಆದರೆ ಬಿಟ್ಟದ್ದನ್ನು ಕೊನೆಯ ನಾಲ್ಕು ಸುತ್ತಿನಲ್ಲಿ ತುಂಬಿಸಬೇಡಿ, ಅಲ್ಲಿ ಸಾದಾ ನಡಿಗೆಯೇ ಸುನ್ನತ್.

ಎಣಿಕೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಶುರುವಿನಲ್ಲಿ ಹಸಿರು ದೀಪದ ಹತ್ತಿರ ಇಸ್ತಿಲಾಮ್ ಮಾಡಿದಾಗ "ಒಂದು" ಎಂದುಕೊಳ್ಳುತ್ತಾರೆ. ಅಲ್ಲಿ ಆಗಿರುವುದು ಸೊನ್ನೆ. ಹಾಗೆ ಎಣಿಸಿದವರು ಆರು ಸುತ್ತಿಗೇ ಹೊರಬೀಳುತ್ತಾರೆ. ಮತ್ತೆ ಹಸಿರು ದೀಪಕ್ಕೆ ಬಂದು ಸೇರಿದಾಗ ಒಂದು ಸುತ್ತು ಪೂರ್ತಿ. ಏಳು ಮಣಿಯ ದಾರ ಕೈಯಲ್ಲಿರಲಿ; ದೀಪದ ನೇರಕ್ಕೆ ಬಂದ ಮೇಲೆಯೇ ಮಣಿ ಜಾರಿಸಿ, ಯಮಾನಿ ಮೂಲೆಯಲ್ಲಲ್ಲ. ಶುರುವಿಗೊಂದು, ಪ್ರತಿ ಸುತ್ತಿನ ಕೊನೆಗೊಂದು ಎಂದು ಇಸ್ತಿಲಾಮ್ ಒಟ್ಟು ಎಂಟಾಗಬೇಕು. ಐದೋ ಆರೋ ಎಂಬ ಅನುಮಾನ ಬಂದರೆ ಕಡಿಮೆಯದನ್ನೇ ಹಿಡಿದು ಇನ್ನೊಂದು ಸುತ್ತಿ.

ನಡುವೆ ವುಜೂ ಮುರಿದರೆ ನಾಚದೆ ಹೊರಗೆ ಹೋಗಿ ಮಾಡಿಕೊಂಡು ಬನ್ನಿ. ನಾಲ್ಕು ಸುತ್ತು ಆಗಿದ್ದರೆ ಉಳಿದದ್ದನ್ನು ಮುಂದುವರಿಸಿ. ಅದಕ್ಕಿಂತ ಕಡಿಮೆ ಆಗಿದ್ದರೆ ಮೊದಲಿನಿಂದ ಶುರು ಮಾಡುವುದು ಒಳ್ಳೆಯದು. ಇಕಾಮತ್ (ನಮಾಜ್ ಶುರುವಾಗುವ ಕರೆ) ಆದರೆ ಇದ್ದಲ್ಲೇ ಸಫ್‌ಗೆ (ಸಾಲಿಗೆ) ನಿಂತು, ಭುಜ ಮುಚ್ಚಿ, ನಮಾಜ್ ಮುಗಿಸಿ ಮುಂದುವರಿಸಿ. ನಿಂತ ಜಾಗ ನೆನಪಿಲ್ಲದಿದ್ದರೆ ಆ ಸುತ್ತನ್ನು ಹಸಿರು ದೀಪದಿಂದ ಹಿಡಿಯಿರಿ.

ಮುಗಿದ ಮೇಲೆ

ಏಳನೆಯ ಸುತ್ತು ಮುಗಿದು ಇಸ್ತಿಲಾಮ್ ಆದಮೇಲೆ ಒಮ್ಮೆಗೇ ಬಲಕ್ಕೆ ತಿರುಗಿ ಪ್ರವಾಹವನ್ನು ಅಡ್ಡ ಕತ್ತರಿಸಬೇಡಿ. ಜನರೊಂದಿಗೇ ನಡೆಯುತ್ತ ಸ್ವಲ್ಪಸ್ವಲ್ಪ ಹೊರಕ್ಕೆ ಸರಿಯಿರಿ. ಭುಜ ಮುಚ್ಚಿ ಎರಡು ರಕಾತ್ ನಮಾಜ್, ಮೊದಲನೆಯದರಲ್ಲಿ ಕುರ್‌ಆನಿನ ಕಾಫಿರೂನ್ ಅಧ್ಯಾಯ, ಎರಡನೆಯದರಲ್ಲಿ ಇಖ್ಲಾಸ್ ಅಧ್ಯಾಯ. ಮುಕಾಮೆ ಇಬ್ರಾಹೀಮ್‌ನ ಹಿಂದೆ ಓದುವುದು ಸುನ್ನತ್. ಹಿಂದೆ ಎಂದರೆ ಗೂಡಿಗೆ ಮೂಗು ತಾಗಿಸಿಯೇ ಅಲ್ಲ, ಬಹಳ ಹಿಂದೆ ಸರಿದರೂ ಆಗುತ್ತದೆ, ಹರಮ್‌ನೊಳಗೆ (ಕಾಬಾ ಇರುವ ಮಸೀದಿಯ ಪವಿತ್ರ ವಲಯ) ಎಲ್ಲಿ ಓದಿದರೂ ಆಗುತ್ತದೆ. ಫಜ್ರ್ (ನಸುಕಿನ ನಮಾಜ್) ಆದಮೇಲೆ ಸೂರ್ಯ ಏರುವವರೆಗೆ, ಅಸರ್ (ಇಳಿಹೊತ್ತಿನ ನಮಾಜ್) ಆದಮೇಲೆ ಮಗ್ರಿಬ್‌ವರೆಗೆ (ಸೂರ್ಯ ಮುಳುಗಿದ ಮೇಲಿನ ನಮಾಜ್) ಹನಫಿಗಳು ಇದನ್ನು ಓದುವುದಿಲ್ಲ, ಹೊತ್ತು ಕಳೆದ ಮೇಲೆ ಓದುತ್ತಾರೆ. ಭಟ್ಕಳದವರು ಆಗಲೇ ಓದುತ್ತಾರೆ. ಆಮೇಲೆ ಜಮ್‌ಜಮ್ ಕುಡಿದು ಸಫಾ ಕಡೆಗೆ.

ಮುಟ್ಟಾದ ಹೆಂಗಸರು ಹಜ್‌ನ ಬಾಕಿ ಎಲ್ಲವನ್ನೂ ಮಾಡಬಹುದು, ತವಾಫ್ ಮಾತ್ರ ಶುದ್ಧವಾದ ಮೇಲೆ. ಹಜ್‌ನ ಮುಖ್ಯ ತವಾಫ್ ಆದ ತವಾಫೆ ಜಿಯಾರತ್ ಹಜ್‌ನ ರುಕ್ನ್ (ಆಧಾರಸ್ತಂಭ), ಬಿಡುವ ಹಾಗಿಲ್ಲ. ಗಂಡಸರು ಹಜ್‌ನ ತಿಂಗಳಾದ ಝುಲ್‌ಹಜ್ 12ರ ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು, ಮುಟ್ಟಿನಿಂದ ತಡವಾದ ಹೆಂಗಸರಿಗೆ ದಂಡವಿಲ್ಲ. ಹಿಂದಿರುಗುವ ದಿನಾಂಕವನ್ನು ಗುಂಪಿನ ಮುಖ್ಯಸ್ಥರಿಗೆ ಮೊದಲೇ ಹೇಳಿಟ್ಟುಕೊಳ್ಳಿ, ಮಾತ್ರೆ ತೆಗೆದುಕೊಳ್ಳುವ ವಿಚಾರವಿದ್ದರೆ ಊರಲ್ಲೇ ಡಾಕ್ಟರರನ್ನು ಕೇಳಿ. ಜಿಯಾರತ್‌ನ ಹೊತ್ತಿಗೆ ಗಂಡಸರು ಸಾದಾ ಬಟ್ಟೆಯಲ್ಲಿದ್ದರೆ ಇಜ್ತಿಬಾ ಇಲ್ಲ. ಮುಂದೆ ಸಈ ಬಾಕಿಯಿದ್ದರೆ ರಮಲ್ ಇದೆ.

ಮಕ್ಕಾ ಬಿಡುವಾಗಿನ ತವಾಫೆ ವಿದಾದಲ್ಲಿ ರಮಲ್, ಇಜ್ತಿಬಾ, ಸಈ ಯಾವುದೂ ಇಲ್ಲ, ಏಳು ಸುತ್ತು ಮತ್ತು ಎರಡು ರಕಾತ್ ಅಷ್ಟೇ. ಪೆಟ್ಟಿಗೆ ಕಟ್ಟಿ, ತೂಕ ನೋಡಿ, ಸಾಮಾನು ಖರೀದಿ ತೀರಿಸಿ, ಬಸ್ಸಿನ ಹೊತ್ತು ಕೇಳಿಕೊಂಡು ಆಮೇಲೆ ಹರಮ್‌ಗೆ ಹೋಗಿ. ಹೊರಡುವ ಹೊತ್ತಿಗೆ ಮುಟ್ಟಾಗಿರುವ ಹೆಂಗಸರಿಗೆ ಈ ತವಾಫ್ ಮಾಫ್. ಅವರು ನೇರ ಬಸ್ಸು ಹತ್ತಬಹುದು.