ದತ್ತು ಮಗುವಿನ ಜನನ ಪತ್ರ: ಮೊದಲು ಯಾವ ಕಚೇರಿಗೆ?

ಕಳೆದ ಮಳೆಗಾಲದಲ್ಲಿ ನಾಡಕಚೇರಿಯ ಕೌಂಟರಿನಲ್ಲಿ ನನ್ನ ಮುಂದಿದ್ದ ಹೆಂಗಸು ಪ್ಲಾಸ್ಟಿಕ್ ಕವರಿನಿಂದ ಮೂರು ಕಾಗದ ತೆಗೆದರು. ಮಗುವಿನ ಆಧಾರ್‌ನಲ್ಲಿ ಸಾಕಿದ ಅಪ್ಪನ ಹೆಸರು, ಶಾಲೆಯ ದಾಖಲೆಯಲ್ಲೂ ಅದೇ. ಜನನ ಪ್ರಮಾಣಪತ್ರದಲ್ಲಿ ಮಾತ್ರ ಹೆತ್ತ ಅಪ್ಪ. "ನಮ್ಮ ಮೈದುನನ ಮಗುವೇ ಅಲ್ವಾ ಸಾರ್, ಹೆಸರು ಬದಲಾಯಿಸಿ ಕೊಡಿ" ಎಂದರು. ದತ್ತಕ ಪತ್ರ ಇದೆಯಾ ಎಂದರೆ, ಇಲ್ಲ.

ಕೊಡಗಿನ ಮನೆಗಳಲ್ಲಿ ಅಣ್ಣನ ಮಗುವನ್ನು ತಮ್ಮ, ತಮ್ಮನ ಮಗುವನ್ನು ಅಣ್ಣ ಸಾಕುವುದು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಹಾಗಾಗಿಯೇ ಕಾಗದದ ನೆನಪು ಬರುವುದು ಶಾಲೆಗೆ ಸೇರಿಸುವಾಗ, ಇಲ್ಲವೇ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಜಮ್ಮಾ ಜಾಗದ ಪಾಲಿನ ಮಾತು ಬಂದಾಗ. ಆದರೆ ದತ್ತು ಕಾನೂನುಬದ್ಧವಾಗಿ ಆಗದೆ ಜನನ ಪತ್ರ ತಿದ್ದಿಸಲು ಬರುವುದಿಲ್ಲ.

ಮೊದಲು ಯಾವ ಕಾಯ್ದೆಯಡಿ ಎಂದು ತೀರ್ಮಾನಿಸಿ. ಕೊಡವರು, ಗೌಡರು ಸೇರಿ ಹಿಂದೂಗಳಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದೆ. ಮಗುವಿಗೆ 15 ತುಂಬಿರಬಾರದು, ಹೆತ್ತವರ ಒಪ್ಪಿಗೆ ಬೇಕು, ಮಗುವನ್ನು ನಿಜವಾಗಿಯೂ ಕೊಟ್ಟು ತೆಗೆದುಕೊಳ್ಳಬೇಕು. ದತ್ತ ಹೋಮ ಕಡ್ಡಾಯವಲ್ಲ. ಜನ ಎಡವುವುದು ಇಲ್ಲಿ: ಮನೆಯಲ್ಲಿ ಮಗನಿದ್ದರೆ ಈ ಕಾಯ್ದೆಯಡಿ ಗಂಡು ಮಗುವನ್ನು ದತ್ತು ಪಡೆಯುವಂತಿಲ್ಲ, ಮಗಳಿದ್ದರೆ ಹೆಣ್ಣು ಮಗುವನ್ನು. ಎರಡೂ ಕಡೆಯವರು ಸಹಿ ಹಾಕಿದ ದತ್ತಕ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ, 16ನೇ ಕಲಮಿನ ಪ್ರಕಾರ ಬೇರೆ ರೀತಿ ಸಾಬೀತಾಗುವ ತನಕ ನ್ಯಾಯಾಲಯ ಅದನ್ನು ಸಿಂಧುವೆಂದೇ ಭಾವಿಸಬೇಕು.

ಇನ್ನೊಂದು ದಾರಿ 2015ರ ಬಾಲನ್ಯಾಯ ಕಾಯ್ದೆ. ಇದಕ್ಕೆ ಧರ್ಮದ ತಡೆಯಿಲ್ಲ. ಸಂಬಂಧಿಕರ ಮಗುವಿಗೂ ಅನ್ವಯ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಮಡಿಕೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಮುಸ್ಲಿಂ, ಕ್ರೈಸ್ತ ಕುಟುಂಬಗಳ ಕೈಯಲ್ಲಿ 1890ರ ಕಾಯ್ದೆಯ ಪಾಲಕತ್ವದ ಆದೇಶ ಇದ್ದರೆ ಅದು ದತ್ತು ಅಲ್ಲ. ಪಾಲಕರಾದವರು ತಂದೆತಾಯಿ ಆಗುವುದಿಲ್ಲ, ಜನನ ಪತ್ರದಲ್ಲೂ ಹೆಸರು ಬದಲಾಗದು.

ಆದೇಶವೋ ನೋಂದಾಯಿತ ಪತ್ರವೋ ಕೈಗೆ ಬಂದ ಮೇಲೆ ಜನನ-ಮರಣ ನೋಂದಣಾಧಿಕಾರಿ. ಯಾವ ಊರಿನವರು? ನೀವಿರುವ ಊರಿನವರಲ್ಲ, ಜನನ ನೋಂದಣಿಯಾದ ಊರಿನವರು. ನಮ್ಮಲ್ಲಿ ಹೆರಿಗೆಗೆ ಮೈಸೂರು, ಮಂಗಳೂರಿಗೆ ಹೋಗುವವರು ಬಹಳ. ಗೋಣಿಕೊಪ್ಪದಲ್ಲಿ ಎಷ್ಟು ಅಲೆದರೂ ಮೈಸೂರಿನ ದಾಖಲೆ ಅಲ್ಲಿ ಸಿಗದು. ದತ್ತು ಪಡೆದವರ ಹೆಸರು ತಂದೆ, ತಾಯಿ ಜಾಗದಲ್ಲೇ ಬರುತ್ತದೆ. ಹುಟ್ಟಿದ ದಿನ ಮಾತ್ರ ನಿಮ್ಮಿಷ್ಟದಂತೆ ಬದಲಾಗುವುದಿಲ್ಲ. ನೋಂದಾಯಿತ ದತ್ತಕ ಪತ್ರವಿದ್ದೂ "ಕೋರ್ಟ್ ಆದೇಶ ತನ್ನಿ" ಎಂದರೆ ವಾದಕ್ಕೆ ಇಳಿಯಬೇಡಿ, ಕಾರಣವನ್ನು ಬರೆದು ಕೊಡಿ ಎನ್ನಿ.

ಕೌಂಟರ್ ಬಿಡುವ ಮುನ್ನ ಒಮ್ಮೆ ಅಕ್ಷರ ಅಕ್ಷರ ಓದಿ. ಆಧಾರ್‌ನಲ್ಲಿ ಮನೆಪೆದ (ಕೊಡವರ ಮನೆತನದ ಹೆಸರು) ಇಡಿಯಾಗಿ, ಇಲ್ಲಿ ಇನಿಷಿಯಲ್ ಆಗಿ ಬಂದಿದ್ದರೆ ಪಾಸ್‌ಪೋರ್ಟ್ ಹೊತ್ತಿಗೆ ಮತ್ತೆ ಅಲೆದಾಟ. 2023ರ ಅಕ್ಟೋಬರ್ 1ರಂದು ಇಲ್ಲವೇ ಆಮೇಲೆ ಹುಟ್ಟಿದ ಮಕ್ಕಳಿಗಂತೂ ಶಾಲೆ, ಲೈಸೆನ್ಸ್, ಪಾಸ್‌ಪೋರ್ಟ್‌ಗೆಲ್ಲ ಜನ್ಮದಿನದ ದಾಖಲೆಯೆಂದರೆ ಇದೇ.

ಆಸ್ಪತ್ರೆಯಲ್ಲೇ ಸಾಕುವವರ ಹೆಸರು ಬರೆಸಿಬಿಡುವ 'ಸುಲಭ ದಾರಿ' ಹೇಳಿಕೊಡುವವರೂ ಇದ್ದಾರೆ. ಅದು ಸುಳ್ಳು ಮಾಹಿತಿ ಕೊಟ್ಟ ಅಪರಾಧ, ಮಗುವಿಗೆ ದತ್ತು ಹಕ್ಕೂ ಬರುವುದಿಲ್ಲ.

ದತ್ತು ಆದ ದಿನದಿಂದ ಮಗು ಹೊಸ ಮನೆಯದು, ಪಾಲೂ ಅಲ್ಲೇ. ಹುಟ್ಟಿದ ಮನೆಯ ಮಟ್ಟಿಗೆ 1956ರ ಕಾಯ್ದೆಯಲ್ಲಿ ಎರಡು ವಿನಾಯಿತಿ: ಮೊದಲೇ ಮಗುವಿನ ಹೆಸರಿಗೆ ಬಂದಿದ್ದ ಆಸ್ತಿ ಮಗುವಿನ ಜೊತೆಗೇ ಬರುತ್ತದೆ, ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ಈಗಲೂ ಆಗುವಂತಿಲ್ಲ. ಮನಸ್ತಾಪ ಬಂತೆಂದು ದತ್ತು ರದ್ದು ಮಾಡಲೂ ಆಗದು. ಪ್ರಮಾಣಪತ್ರ ಬಂದ ಮೇಲೆ ವಂಶವೃಕ್ಷದಲ್ಲಿ ಮಗುವಿನ ಹೆಸರು ಸೇರಿಸಿಕೊಳ್ಳಿ. ಮನೆತನದ ಹಿರಿಯರಾದ ಪಟ್ಟೆದಾರರು ಬದುಕಿರುವಾಗಲೇ ಆದರೆ ಒಳ್ಳೆಯದು. ಆಮೇಲೆ ಕೇಳಲು ಹೊರಟರೆ ಒಕ್ಕದಲ್ಲಿ, ಅಂದರೆ ಇಡೀ ಮನೆತನದಲ್ಲಿ, ಹತ್ತು ಸಹಿ ಬೇಕಾಗುತ್ತದೆ.