ಲೈಸೆನ್ಸಿನಲ್ಲಿ ಉಳಿದಿದ್ದ ಒಂದೇ ಜಾಗಕ್ಕೆ ನಾನು ಆರಿಸಿದ ಪಾಯಿಂಟ್ 22

ಅಪ್ಪ ಬಿಟ್ಟುಹೋದ ಡಬಲ್ ಬ್ಯಾರಲ್ 12 ಬೋರ್ ಕೋವಿ ಮನೆಯಲ್ಲಿ ಮೊದಲೇ ಇತ್ತು. 2019ರ ಡಿಸೆಂಬರ್‌ನಲ್ಲಿ ಆರ್ಮ್ಸ್ ಆ್ಯಕ್ಟ್ ತಿದ್ದುಪಡಿಯಾಗಿ, ಒಬ್ಬರ ಹೆಸರಿನಲ್ಲಿ ಮೂರು ಕೋವಿ ಇರಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ಹಾಗಾಗಿ ನನಗೆ ಉಳಿದದ್ದು ಒಂದೇ ಜಾಗ. ಆ ಜಾಗಕ್ಕೆ ಒಂದು ಪಾಯಿಂಟ್ 22 ರೈಫಲ್, ಅಂದರೆ 0.22 ಇಂಚು ಅಗಲದ ಸಣ್ಣ ಗುಂಡಿನ ಕೋವಿ, ಬೇಕು ಅಂತ ಆಸೆ.

ನಮ್ಮದು ಕೊಡಗಿನ ಶಾಂತಳ್ಳಿ ಕಡೆ. ಕೊಡಗು ಅಂದರೆ ಎಲ್ಲರ ಮನೆಯಲ್ಲೂ ಲೈಸೆನ್ಸ್ ಇಲ್ಲದೆ ಕೋವಿ ಇರುತ್ತದೆ ಅಂತ ಹೊರಗಿನವರು ತಿಳಿದಿರುತ್ತಾರೆ. ಹಾಗಿಲ್ಲ. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ. ಈಗಿನ ಆದೇಶ 2029ರ ಅಕ್ಟೋಬರ್ ತನಕ ಇದೆ. ನಾವು ಕೊಡವರಲ್ಲ, ನಮ್ಮ ಜಮೀನೂ ಜಮ್ಮಾ ಅಲ್ಲ. ಅರ್ಜಿ, ಪೊಲೀಸ್ ವರದಿ, ಜಿಲ್ಲಾಧಿಕಾರಿ ಕಚೇರಿ, ಎಲ್ಲ ಸುತ್ತಾಟವೂ ನನಗಿತ್ತು. ಅದರ ಕತೆ ಬೇಡ, ಸುತ್ತಿದವರಿಗೆಲ್ಲ ಗೊತ್ತು.

ಪಾಯಿಂಟ್ 22 ಯಾಕೆ? ಬೇಟೆಗಂತೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣೆ ಕಾನೂನು ಬಂದಮೇಲೆ ಆ ಮಾತೇ ಇಲ್ಲ, ನನಗೆ ಅದರಲ್ಲಿ ಮನಸ್ಸೂ ಇಲ್ಲ. ನನಗಿರುವ ಹುಚ್ಚು ತೆಂಗಿನಕಾಯಿಯದು. ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ಮಳೆ ಸ್ವಲ್ಪ ಬಿಡುತ್ತದೆ. ಆಗ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪಾಯಿಂಟ್ 22, 12 ಬೋರ್, ಏರ್‌ಗನ್ ಅಂತ ಬೇರೆ ಬೇರೆ ವಿಭಾಗ ಇರುತ್ತದೆ. ಕಾಲೇಜಿನಲ್ಲಿ ಎನ್‌ಸಿಸಿ ಮಾಡುವಾಗ ಚಾಪೆ ಮೇಲೆ ಮಲಗಿ 25 ಗಜಕ್ಕೆ ಪಾಯಿಂಟ್ 22 ಹೊಡೆದದ್ದೇ ನನ್ನ ಮೊದಲ ರುಚಿ. ಭುಜಕ್ಕೆ ಒದೆ ಇಲ್ಲ, ಕಿವಿ ಗುಂಯ್ ಅನ್ನಲ್ಲ. ಗುಂಡು ತಪ್ಪಿದರೆ ಅದು ನನ್ನದೇ ತಪ್ಪು ಅಂತ ಕೂಡಲೇ ಗೊತ್ತಾಗುತ್ತದೆ.

ಅಂಗಡಿಗೆ ಹೋಗುವ ಮೊದಲೇ ಮೂರು ವಿಷಯ ತೀರ್ಮಾನ ಮಾಡಿಕೊಂಡಿದ್ದೆ. ಬೋಲ್ಟ್ (ಪ್ರತಿ ಗುಂಡಿಗೂ ಕೈಯಿಂದ ಎಳೆದು ತಳ್ಳುವ ಅಗುಳಿ) ಇರಬೇಕು, ಮ್ಯಾಗಝಿನ್ (ತೋಟೆ ತುಂಬಿಡುವ ಗೂಡು) ಕಳಚಿ ತೆಗೆಯುವಂತಿರಬೇಕು, ದುರ್ಬೀನು ಬೇಡ, ಓಪನ್ ಸೈಟ್ ಸಾಕು. ಬೋಲ್ಟ್ ಯಾಕೆ ಅಂದರೆ ತೋಟೆಯ ಲೆಕ್ಕ. ನನ್ನ ಲೈಸೆನ್ಸಿನಲ್ಲಿ ಬರೆದಿರುವುದು ಒಮ್ಮೆಗೆ 100, ವರ್ಷಕ್ಕೆ 200 ತೋಟೆ. ವರ್ಷಕ್ಕೆ 200 ಅಂದರೆ ವಾರಕ್ಕೆ ನಾಲ್ಕೂ ಬೀಳುವುದಿಲ್ಲ. ಸರಸರ ಅಂತ ಉಗುಳುವ ಕೋವಿ ತಗೊಂಡು ನಾನೇನು ಮಾಡಲಿ? ಒಂದೊಂದನ್ನೂ ಕೂತು, ಉಸಿರು ಹಿಡಿದು ಹೊಡೆಯಬೇಕು.

ಮ್ಯಾಗಝಿನ್ ವಿಷಯದಲ್ಲಿ ಮಾತ್ರ ಮನೆಯಾಕೆಯ ಮಾತೂ ಸೇರಿತ್ತು. ಒಬ್ಬ ಸ್ನೇಹಿತರ ಹತ್ತಿರ ಹಳೆಯ ಕೊಳವೆ ಮ್ಯಾಗಝಿನ್ ಕೋವಿ ಇದೆ. ನಳಿಗೆಯ ಕೆಳಗೆ ಇನ್ನೊಂದು ಸಣ್ಣ ಕೊಳವೆ, ಅದರೊಳಗೆ ತೋಟೆಗಳು ಸಾಲಾಗಿ ಕೂರುತ್ತವೆ. ಚೆನ್ನಾಗಿದೆ, ಮ್ಯಾಗಝಿನ್ ಕಳೆದುಹೋಗುವ ಭಯ ಇಲ್ಲ. ಆದರೆ ಒಳಗೆ ಇನ್ನೊಂದು ತೋಟೆ ಉಳಿದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗ ಇದ್ದಾನೆ. "ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ ಇಡುವ ಹಾಗಿದ್ದರೆ ತನ್ನಿ, ಇಲ್ಲದಿದ್ದರೆ ಬೇಡ" ಅಂದಳು. ಕಳಚುವ ಮ್ಯಾಗಝಿನ್ ಆದರೆ ಅದನ್ನು ತೆಗೆದು ಗಾಡ್ರೆಜ್ ಬೀರುವಿನಲ್ಲಿಟ್ಟು ಬೀಗ ಹಾಕಬಹುದು, ಬೋಲ್ಟನ್ನೂ ಬಿಚ್ಚಿ ಇನ್ನೊಂದು ಕಡೆ ಇಡಬಹುದು. ಒಂದು ಎಚ್ಚರ ಮಾತ್ರ ಬೇಕು. ಮ್ಯಾಗಝಿನ್ ತೆಗೆದರೂ ನಳಿಗೆಯ ಬುಡದಲ್ಲಿ ಒಂದು ತೋಟೆ ಕೂತಿರಬಹುದು. ಬೋಲ್ಟ್ ಎಳೆದು ಕಣ್ಣಿನಿಂದ ನೋಡಿ, ಬೆರಳು ಹಾಕಿ ಮುಟ್ಟಿದ ಮೇಲೇ ಖಾಲಿ ಅನ್ನಬೇಕು.

ಮೊದಲು ನೋಡಿದ್ದು ಒಂದು ಹೊಸ ಕೋವಿ. ಹೊಳೆಯುತ್ತಿತ್ತು. ಆದರೆ ಮ್ಯಾಗಝಿನ್ ಹಾಕಿ ಬೆರಳಿನಿಂದ ಅಲ್ಲಾಡಿಸಿದರೆ ಮುದುಕರ ಹಲ್ಲಿನ ಹಾಗೆ ಅಲ್ಲಾಡಿತು. ಇದು ಸುಮ್ನೆ ಅಂದದ ಮಾತಲ್ಲ. ಪಾಯಿಂಟ್ 22 ತೋಟೆಯ ಬುಡದಲ್ಲಿ ಅಂಚು ಇರುತ್ತದೆ. ಸಿಡಿಯುವ ಮದ್ದೂ ಆ ಅಂಚಿನೊಳಗೇ ಇರುವುದು, ಅದಕ್ಕೇ ರಿಮ್‌ಫೈರ್ ಅನ್ನುತ್ತಾರೆ. ಮ್ಯಾಗಝಿನ್‌ನಲ್ಲಿ ಒಂದರ ಮೇಲೊಂದು ಜೋಡಿಸುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ, ಬೋಲ್ಟ್ ಎಷ್ಟು ತಳ್ಳಿದರೂ ಅದು ಮುಂದೆ ಹೋಗುವುದಿಲ್ಲ. ಗುಂಡು ಮೆತ್ತನೆಯ ಸೀಸ. ಮ್ಯಾಗಝಿನ್ ಒಂದು ಕೂದಲು ಕೆಳಗೆ ಕೂತರೂ ಗುಂಡಿನ ಮೂತಿ ನಳಿಗೆಯ ಬಾಯಿಗೆ ತಾಗಿ ಗೀರುತ್ತದೆ. ಗೀರಿದ ಗುಂಡು ನೆಟ್ಟಗೆ ಹೋಗಲ್ಲ. ಬೇಡ ಅಂದುಕೊಂಡು ಮನೆಗೆ ಬಂದೆ.

ಆಮೇಲೆ ಸಿಕ್ಕಿದ್ದು ನಮ್ಮ ಶೂಟಿಂಗ್ ಕ್ಲಬ್ಬಿನ ಮೇಷ್ಟ್ರ ಕೋವಿ. ಅವರು ನಿವೃತ್ತರು, ಕೈ ನಡುಗಲು ಶುರುವಾಗಿತ್ತು, ಮಾರುವ ಮನಸ್ಸು ಮಾಡಿದ್ದರು. ಅದು ಬ್ರ್ನೋ ಮಾಡೆಲ್ 2. ಆಗಿನ ಜೆಕೊಸ್ಲೊವಾಕಿಯಾದಲ್ಲಿ ತಯಾರಾದದ್ದು, ಐದು ತೋಟೆಯ ಕಬ್ಬಿಣದ ಮ್ಯಾಗಝಿನ್. ಹಳೆಯ ವಿದೇಶಿ ಕೋವಿ ಅಂದರೆ ನಮ್ಮ ಕಡೆ ಜನ ಕಣ್ಣು ಮುಚ್ಚಿ ಕೊಂಡುಬಿಡುತ್ತಾರೆ. ನನಗೆ ಹೆಸರಿಗೆ ದುಡ್ಡು ಕೊಡುವ ಇಷ್ಟ ಇರಲಿಲ್ಲ. "ನೋಡು ಮಾರಾಯ, ಬಿಚ್ಚಿ ನೋಡು, ಹೊಡೆದೂ ನೋಡು. ಆಮೇಲೆ ನನ್ನನ್ನು ಬಯ್ಯಬೇಡ" ಅಂತ ಅವರೇ ಹೇಳಿದರು.

ಬೋಲ್ಟ್ ತೆಗೆದು ನಳಿಗೆಯ ಬುಡದಲ್ಲಿ ಬಿಳಿ ಕಾಗದ ಹಿಡಿದು ತುದಿಯಿಂದ ನೋಡಿದೆ. ಹಳೆಯ ಕಾಲದ ಕೆಲವು ತೋಟೆಗಳ ಮದ್ದು ತುಕ್ಕು ತರುವಂಥದ್ದು. ಹೊಡೆದು ಒರೆಸದೆ ಇಟ್ಟವರ ನಳಿಗೆಯೊಳಗೆ ಸಿಡುಬಿನ ಕಲೆಯ ಹಾಗೆ ಗುಳಿ ಕಾಣುತ್ತದೆ. ಇದರಲ್ಲಿ ಸುರುಳಿ ಗೀಟುಗಳು ಚೊಕ್ಕವಾಗಿದ್ದವು. ಆಮೇಲೆ ಬುಡದ ಬಾಯಂಚು. ರಿಮ್‌ಫೈರ್ ಕೋವಿಯನ್ನು ಖಾಲಿ ಇಟ್ಟುಕೊಂಡು ಟಿಕ್ ಟಿಕ್ ಅಂತ ಟ್ರಿಗರ್ ಒತ್ತಿ ಆಡಿದರೆ, ಎಷ್ಟೋ ಕೋವಿಗಳಲ್ಲಿ ತೋಟೆಯನ್ನು ಸಿಡಿಸುವ ಪಿನ್ನು ಅಲ್ಲಿ ಬಡಿದು ತಗ್ಗಾಗುತ್ತದೆ. ಇದರಲ್ಲಿ ಉಗುರು ಆಡಿಸಿದರೆ ಸಿಕ್ಕಿಯೂ ಸಿಗದಷ್ಟು ಸಣ್ಣ ತಗ್ಗಿತ್ತು. ಮೇಷ್ಟ್ರು ನಕ್ಕರು. "ನನ್ನ ಮಗ ಚಿಕ್ಕವನಿದ್ದಾಗ ಮಾಡಿದ್ದು." ತೋಟೆಯ ಚಿಪ್ಪು ಸಲೀಸಾಗಿ ಹೊರಗೆ ಬರುತ್ತಿತ್ತು, ಹಾಗಾಗಿ ಬಿಟ್ಟೆ. ನಳಿಗೆಯ ತುದಿಯನ್ನೂ ನೋಡಬೇಕು. ತುದಿಯಿಂದ ಸಲಾಕೆ ಹಾಕಿ ಒರೆಸುವ ಅಭ್ಯಾಸ ಇದ್ದವರ ಕೋವಿಯಲ್ಲಿ ಆ ಬಾಯಿ ಒಂದು ಪಕ್ಕಕ್ಕೆ ಸವೆದಿರುತ್ತದೆ. ಅಲ್ಲಿ ಕೆಟ್ಟರೆ ಬಾಕಿ ಎಲ್ಲ ಚೆನ್ನಾಗಿದ್ದೂ ಪ್ರಯೋಜನ ಇಲ್ಲ.

ಈಗ ಸೈಟ್. (ಸೈಟ್ ಅಂದ ಕೂಡಲೇ ಮೈಸೂರಿನಲ್ಲಿ ಮೂವತ್ತು ನಲವತ್ತರ ಜಾಗ ನೆನಪಾಗುವವರು ಸ್ವಲ್ಪ ತಡೆಯಿರಿ.) ನಿಜವಾಗಿ ನನ್ನ ತೀರ್ಮಾನ ಆದದ್ದು ಇಲ್ಲೇ. ಓಪನ್ ಸೈಟ್ ಅಂದರೆ ಎರಡೇ ತುಂಡು. ಹಿಂದೆ ಒಂದು ಕಚ್ಚು, ಮುಂದೆ ತುದಿಯಲ್ಲಿ ಒಂದು ಮಣಿ ಅಥವಾ ಕಡ್ಡಿ. ಕಚ್ಚಿನ ನಡುವೆ ಮಣಿ ಕೂತು, ಎರಡೂ ಪಕ್ಕ ಒಂದೇ ಅಳತೆಯ ಬೆಳಕು ಕಾಣಬೇಕು. ಈ ಎರಡರ ನಡುವಿನ ದೂರ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಲೆಕ್ಕ ಸುಲಭ. ಆ ದೂರ ಅರ್ಧ ಮೀಟರ್ ಇದ್ದು, ಮುಂದಿನ ಮಣಿ ಒಂದು ಮಿಲಿಮೀಟರ್ ಪಕ್ಕಕ್ಕೆ ಹೋದರೆ, 50 ಮೀಟರ್‌ನಲ್ಲಿ ಗುಂಡು 10 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅದೇ ದೂರ 40 ಸೆಂಟಿಮೀಟರ್ ಆದರೆ ಹನ್ನೆರಡೂವರೆ. ಸುಲಿದ ತೆಂಗಿನಕಾಯಿಯ ಅಗಲವೇ ಹೆಚ್ಚುಕಮ್ಮಿ ಅಷ್ಟು! ಅಂಗಡಿಗೆ ನಾನು ದರ್ಜಿಯ ಟೇಪ್ ಜೇಬಲ್ಲಿಟ್ಟುಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ್ದ.

ಮೇಷ್ಟ್ರ ಕೋವಿಯಲ್ಲಿ ಆ ದೂರ ಅರ್ಧ ಮೀಟರಿಗೆ ಸ್ವಲ್ಪ ಕಮ್ಮಿ. ಹಿಂದಿನ ಸೈಟನ್ನು ಸರಿಸಿ ಎತ್ತರ ಬದಲಿಸಬಹುದು, 200 ಮೀಟರ್ ತನಕ ಗೀಟು ಹಾಕಿದ್ದಾರೆ. 200 ಅನ್ನುವುದು ಬರೀ ಆಸೆ ಅಂತ ನನ್ನ ಅಭಿಪ್ರಾಯ. 50 ಮೀಟರಿಗೆ ಸರಿಮಾಡಿದ ಪಾಯಿಂಟ್ 22 ಗುಂಡು 100 ಮೀಟರ್ ತಲುಪುವಾಗ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಕೆಳಗೆ ಬಿದ್ದಿರುತ್ತದೆ. ಹಾಗಂತ ಅದು ಸಣ್ಣ ಗುಂಡು ಅಂತ ತಾತ್ಸಾರ ಬೇಡ. ತಪ್ಪಿದ ಗುಂಡು ಒಂದೂವರೆ ಮೈಲಿ ಹೋಗಬಹುದು ಅಂತ ತೋಟೆಯ ಡಬ್ಬಿ ಮೇಲೇ ಬರೆದಿರುತ್ತದೆ. ಹಿಂದೆ ಮಣ್ಣಿನ ಬರೆ ಇಲ್ಲದ ಕಡೆ ನಾನು ಹೊಡೆಯುವುದೇ ಇಲ್ಲ.

ನನ್ನ ತೊಂದರೆ ಕಣ್ಣಿನದು. ವಯಸ್ಸು ಐವತ್ತು ದಾಟಿದೆ. ಹಿಂದಿನ ಕಚ್ಚು, ಮುಂದಿನ ಮಣಿ, ದೂರದ ಕಾಯಿ, ಮೂರೂ ಒಟ್ಟಿಗೆ ನಿಚ್ಚಳ ಕಾಣಲು ಹರೆಯದ ಕಣ್ಣಿಗೂ ಆಗಲ್ಲ, ನನಗಂತೂ ಒಂದೂ ಕಾಣುತ್ತಿರಲಿಲ್ಲ. ನಿಚ್ಚಳ ಇರಬೇಕಾದ್ದು ಮುಂದಿನ ಮಣಿ, ಉಳಿದೆರಡು ಮಸುಕಾದರೂ ನಡೆಯುತ್ತದೆ. ಕೋವಿ ಹಿಡಿದಾಗ ಕಣ್ಣಿನಿಂದ ಆ ಮಣಿಯ ತನಕ ಎಷ್ಟು ದೂರ ಅಂತ ಒಂದು ಕಾಫಿ ಕಡ್ಡಿ ಕಡಿದುಕೊಂಡು, ಅದನ್ನು ಹಿಡಿದು ಮಡಿಕೇರಿಯ ಕನ್ನಡಕದ ಡಾಕ್ಟರ ಹತ್ತಿರ ಹೋದೆ. "ಇಷ್ಟು ದೂರದ್ದು ಚೆನ್ನಾಗಿ ಕಾಣಬೇಕು ಸಾರ್" ಅಂದೆ. ನನ್ನ ದೂರದ ಪವರಿಗೆ ಪ್ಲಸ್ 0.75 ಸೇರಿಸಿ ಬರೆದುಕೊಟ್ಟರು. ಕಾಯಿ ಸ್ವಲ್ಪ ಮೋಡವಾಯಿತು, ಮಣಿ ಮಾತ್ರ ಕಾಳುಮೆಣಸಿನ ಹಾಗೆ ಎದ್ದು ಕಂಡಿತು. ಕೋವಿ ಕೊಳ್ಳುವ ಮೊದಲು ಈ ಕನ್ನಡಕ ಮಾಡಿಸಿದ್ದರೆ ಒಂದೆರಡು ಕೋವಿಗಳನ್ನು ಸುಮ್ನೆ ಬಯ್ಯುವುದು ತಪ್ಪುತ್ತಿತ್ತು.

ಕ್ಲಬ್ಬಿನ ರೇಂಜಿನಲ್ಲಿ ಮೇಷ್ಟ್ರ ಎದುರೇ ಹೊಡೆದು ನೋಡಿದೆ. ಮರಳಿನ ಚೀಲದ ಮೇಲೆ ಕೋವಿ ಒರಗಿಸಿ, ಎರಡು ಬಗೆಯ ತೋಟೆ, ಎಲ್ಲ ಸೇರಿ ಐದೈದರ ಮೂರು ಸುತ್ತು. ಒಂದು ಬಗೆಯದು ಲಿಂಬೆಹಣ್ಣಿನಗಲದಲ್ಲಿ ಕೂತಿತು, ಇನ್ನೊಂದು ಅಂಗೈಯಗಲ ಹರಡಿತು. ಕೋವಿ ಅದೇ, ಕೈ ಅದೇ. ಪಾಯಿಂಟ್ 22ಗೆ ಇದೊಂದು ಚಾಳಿ, ಯಾವ ತೋಟೆ ಅದಕ್ಕೆ ಹಿಡಿಸುತ್ತದೆ ಅಂತ ಹೊಡೆದೇ ತಿಳಿಯಬೇಕು. ಹದಿನೈದು ಗುಂಡೂ ಮ್ಯಾಗಝಿನ್‌ನಿಂದಲೇ ಹೋದವು, ಒಂದೂ ಸಿಕ್ಕಿಕೊಳ್ಳಲಿಲ್ಲ. ಸಾಕು ಅನ್ನಿಸಿತು.

ಒಬ್ಬರಿಂದ ಒಬ್ಬರಿಗೆ ಮಾರುವುದಾದರೆ ಮಾರುವವರು ಮೊದಲೇ ಅಧಿಕಾರಿಗಳಿಗೆ ಬರೆದು ತಿಳಿಸಿ 45 ದಿನ ಕಾಯಬೇಕು. ಆ ದಿನಗಳಲ್ಲಿ ಮೇಷ್ಟ್ರ ಮನಸ್ಸು ಬದಲಾಗದಿರಲಿ ಅಂತ ನಾಲ್ಕು ಸಲ ಅವರ ಮನೆಗೆ ಕಾಫಿಗೆ ಹೋದೆ.

ಕೋವಿ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ಒಂದು ಪೆದ್ದು ಕೆಲಸ ಮಾಡಿದೆ. ನಮ್ಮಜ್ಜ ಕತ್ತಿಗೂ ಕೋವಿಗೂ ಒಂದೇ ಎಣ್ಣೆ ಹಚ್ಚುತ್ತಿದ್ದರು, ತೆಂಗಿನೆಣ್ಣೆ. ನಾನೂ ಬೋಲ್ಟಿನೊಳಗೆ ಧಾರಾಳವಾಗಿ ಬಿಟ್ಟೆ. ಡಿಸೆಂಬರ್ ಬೆಳಿಗ್ಗೆ ರೇಂಜಿಗೆ ಹೋದರೆ ಟ್ರಿಗರ್ ಒತ್ತಿದಾಗ ಒಂದು ಸೋತ ಸದ್ದು, ಗುಂಡಿಲ್ಲ. ಕೋವಿಯ ಮೂತಿ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾದು ಬೋಲ್ಟ್ ಎಳೆದೆ. ತೋಟೆಯ ಅಂಚಿನಲ್ಲಿ ಪಿನ್ನಿನ ಗುರುತು ಬರೀ ನೆರಳಿನಷ್ಟು. ಐದರಲ್ಲಿ ಮೂರು ಹಾಗೇ. ಸ್ಪ್ರಿಂಗ್ ಹೋಯಿತು ಅಂತ ಗಾಬರಿಯಾದೆ. ಮೇಷ್ಟ್ರು ಬೋಲ್ಟ್ ಬಿಚ್ಚಿ ಒಳಗೆ ಬೆರಳಾಡಿಸಿ ನನ್ನ ಮುಖದ ಮುಂದೆ ಹಿಡಿದರು. ಬಿಳಿ ತುಪ್ಪದ ಹಾಗೆ ಹೆಪ್ಪುಗಟ್ಟಿದ ಎಣ್ಣೆ. "ದೋಸೆ ಹೊಯ್ಯಲು ತಂದೆಯಾ?" ಅಂದರು. ಈಗ ಹೊಲಿಗೆ ಯಂತ್ರದ ತೆಳು ಎಣ್ಣೆ, ಅದೂ ಒಂದೇ ಹನಿ.

ಮಳೆಗಾಲ ಇನ್ನೊಂದು ಕತೆ. ಶಾಂತಳ್ಳಿಯ ಮಳೆ ಗೊತ್ತಲ್ವಾ, ಜೂನ್‌ನಿಂದ ಮೂರು ತಿಂಗಳು ಗೋಡೆಯೂ ಬೆವರುತ್ತದೆ. ಹಿಡಿಯ ಮರ ಉಬ್ಬಿ ನಳಿಗೆಗೆ ಒತ್ತಿದರೆ ಗುರಿ ಸರಿಯುತ್ತದೆ. ಅದಕ್ಕೆ ಸ್ಪರ್ಧೆಗೆ ವಾರ ಮೊದಲು ಹತ್ತು ತೋಟೆ ಎತ್ತಿಟ್ಟು ಮತ್ತೆ ನೋಡಿಕೊಳ್ಳುತ್ತೇನೆ. ಸೈಟ್ ತಿದ್ದುವ ಸೂತ್ರ ಒಂದೇ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೆ ಸರಿಸಬೇಕು. ಮುಂದಿನದಾದರೆ ಉಲ್ಟಾ.

ಮೊದಲ ಸ್ಪರ್ಧೆಯಲ್ಲಿ ಬೆಳಗಿನ ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು. ನಾನು ಮಣಿಯ ಮೇಲಿನ ಮುಚ್ಚಳಿಕೆ ಅಡ್ಡ ಅಂತ ತೆಗೆದಿಟ್ಟು ಹೋಗಿದ್ದೆ. ಸವೆದು ಹೊಳೆಯುವ ಮಣಿಯ ಎಡಭಾಗ ಮಾತ್ರ ಮಿನುಗಿತು, ಅದನ್ನೇ ನಡು ಅಂದುಕೊಂಡೆ. ಎರಡು ಗುಂಡು ಕಾಯಿಯ ಬಲಕ್ಕೆ ಮಣ್ಣಿಗೆ ಹೋದವು. ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಜೇಬಿನಿಂದ ಕರ್ಪೂರ ತೆಗೆದರು. ಬೋಲ್ಟ್ ತೆಗೆಸಿ, ಖಾಲಿ ಅಂತ ನೋಡಿ, ಕರ್ಪೂರ ಹಚ್ಚಿ ಅದರ ಹೊಗೆಗೆ ಮಣಿ ಹಿಡಿದರು. ಕಾಡಿಗೆ ಬಳಿದ ಹಾಗೆ ಕಪ್ಪಾಯಿತು. ಮೂರನೆಯ ಗುಂಡಿಗೆ ಕಾಯಿಯ ಚಿಪ್ಪು ಹಾರಿ ನೀರು ಸೋರಿತು. ಬಹುಮಾನ ಬರಲಿಲ್ಲ, ಮುಂದಿನ ಸುತ್ತಿನಲ್ಲೇ ಹೊರಗೆ ಬಿದ್ದೆ. ಮುಚ್ಚಳಿಕೆ ಈಗ ಮತ್ತೆ ಅದರ ಜಾಗದಲ್ಲಿದೆ, ಕರ್ಪೂರದ ಡಬ್ಬಿಯೂ ಚೀಲದಲ್ಲಿದೆ.

ಕೊರತೆ ಒಂದೇ. ಮ್ಯಾಗಝಿನ್ ನನ್ನ ಹತ್ತಿರ ಇರುವುದು ಒಂದೇ ಒಂದು, ಅದರ ಬಾಯಿಯ ಮಡಿಕೆ ಒಂದು ಸಲ ಕೆಳಗೆ ಬಿದ್ದು ಬಗ್ಗಿದರೆ ಕೋವಿ ಒಂಟಿ ತೋಟೆಯದ್ದಾಗುತ್ತದೆ. ಮೇಷ್ಟ್ರು ಅಟ್ಟದ ಮೇಲೆ ಇನ್ನೊಂದು ಎಲ್ಲೋ ಇರಬೇಕು ಅನ್ನುತ್ತಾರೆ. ಎರಡು ವರ್ಷದಿಂದ ಅನ್ನುತ್ತಿದ್ದಾರೆ. ಮುಂದಿನ ಭಾನುವಾರ ಏಣಿ ತಗೊಂಡು ನಾನೇ ಹತ್ತುವುದು ಅಂತ ಮಾಡಿದ್ದೇನೆ.